ಒಂದು ಕಾಲು ಒಳಗಿರಲಿ

ಅಂಗಡಿಯಿಂದ,
ಬುಧವಾರ, ಮಧ್ಯಾಹ್ನ

ನಮ್ಮ ಅಂಗಡಿಯ ಫ್ರೇಮಿನವರಿಗೆ,

ಫೋಟೋದವಳ ನಮಸ್ಕಾರ. ನಾನು ಚೆನ್ನಾಗಿದ್ದೇನೆ, ನಿಮ್ಮ ಅಮ್ಮ ನನಗಿಂತ ಚೆನ್ನಾಗಿದ್ದಾರೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕೇಳಿದರೆ "ಹೂಂ" ಅನ್ನುತ್ತೀರಿ, ಆ ಹೂಂಗೆ ಅರ್ಥ ಹುಡುಕುತ್ತಾ ಕೂರುವ ಕೆಲಸ ನನಗೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡಿ. ಫೋನಿನಲ್ಲಿ ನಾನು ಎರಡನೇ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ನೀವು "ಸರಿ, ಇಡ್ತೀನಿ" ಅಂದಿರುತ್ತೀರಿ. ಕಾಗದದಲ್ಲಿ ಆ ಸೌಕರ್ಯ ಇಲ್ಲ. ಸಾಮಾನು ಸುತ್ತಿ ಬಂದ ಹಳೇ ಪೇಪರನ್ನೂ ಬಿಡಿಸಿ, ಮಡಿಕೆ ಸವರಿ, ಕೊನೆಯ ಸಾಲಿನವರೆಗೆ ಓದುವ ಮನುಷ್ಯ ನೀವು. ಅದಕ್ಕೇ ಇದನ್ನು ನೀವು ಮರ ನಯ ಮಾಡುವ ಕೀಸುಳಿಗೆ ಸುತ್ತಿದ ಬಟ್ಟೆಯೊಳಗೆ ಇಟ್ಟು ಕಳಿಸುತ್ತಿದ್ದೇನೆ. ಪೆಟ್ಟಿಗೆ ತೆರೆದ ಕೂಡಲೇ ನಿಮ್ಮ ಕೈ ಮೊದಲು ಹೋಗುವುದು ಅದಕ್ಕೇ ಎಂದು ನನಗೆ ಗೊತ್ತು.

ನೀವು ಗೊತ್ತುಮಾಡಿದ ಟೆಂಪೋದವನು ನಾನು ಶಟರ್ ಎತ್ತುವ ಮೊದಲೇ ಬಂದು ನಿಂತಿದ್ದ, ಜೊತೆಗೆ ಇಬ್ಬರು ಹಮಾಲರು. ಒಳ್ಳೆಯವನು, ಬಾಯಿ ಮಾತ್ರ ನನ್ನಷ್ಟೇ ದೊಡ್ಡದು. ಬಂದವನೇ ಶಾಲೆಯ ಮಕ್ಕಳ ಹಾಗೆ ಕೈ ಕಟ್ಟಿ ನಿಂತು ಒಪ್ಪಿಸಿದ:

"ಅಣ್ಣ ಫೋನಲ್ಲಿ ಎಲ್ಲಾ ಬಾಯಿಪಾಠ ಮಾಡಿಸಿದಾರೆ ಅಕ್ಕ. ಕೀಸುಳಿನ ಬಟ್ಟೇಲಿ ಸುತ್ತಬೇಕು, ಅಲಗು ಮೇಲ್ಮುಖ ಇರಬಾರದು. ಉಳಿಗಳನ್ನ ಒಂದಕ್ಕೊಂದು ತಾಗೋ ಹಾಗೆ ಇಡಬಾರದು. ಅಂಟಿನ ಡಬ್ಬ ಮಲಗಿಸಬಾರದು. ಗಾಜು ಕೊಯ್ಯೋ ಕಟರ್ ಜೇಬಲ್ಲಿ ಇಟ್ಕೋಬಾರದು. ಮೇಜಿನ ಮೇಲ್ಹಲಗೆಗೆ ಕಂಬಳಿ ಹೊದಿಸಬೇಕು. ಗೀರು ಬಿದ್ರೆ ನಿನ್ನ ಮುಖ ನೋಡಲ್ಲ ಅಂದಿದಾರೆ."

ನನಗೆ ಯಾವತ್ತಾದರೂ ಕಂಬಳಿ ಹೊದಿಸಿದ್ದೀರಾ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಇರಲಿ.

ನೀವು ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಹತ್ತಿಸಿದ್ದೇನೆ. ಎರಡು ಸಾಮಾನು ಮಾತ್ರ ಬಂದಿಲ್ಲ. ಒಂದು, ಉಳಿಗೆ ಹೊಡೆಯುವ ಮರದ ಕೊಡತಿ. ಮೂಲೆ ಮೂಲೆ ಹುಡುಕಿದೆವು, ಸಿಗಲಿಲ್ಲ. ಇನ್ನೊಂದು ಕೆಲಸದ ಮೇಜು. ಅದು ಸಿಕ್ಕಿತು, ಆದರೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಹೇಳುವುದಕ್ಕೇ ಈ ಕಾಗದ. ನನ್ನ ಮೇಲೆ ತಪ್ಪು ಹೊರಿಸುವ ಮೊದಲು ಪೂರ್ತಿ ಓದಿ.

ಮೇಜು ತರಿಸಿಕೊಳ್ಳುತ್ತೀರಿ ಎಂದು ಟೆಂಪೋದವನ ಬಾಯಲ್ಲಿ ಕೇಳಿದಾಗ ನನಗೆ ಏನನಿಸಿತು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ, ಆಮೇಲೆ ಆ ವಿಷಯ ಎತ್ತುವುದಿಲ್ಲ. ಬಟ್ಟೆ ತೆಗೆದುಕೊಂಡು ಹೋದವನು ಕೋಪ ಮಾಡಿಕೊಂಡು ಹೋಗಿರುತ್ತಾನೆ. ಮೇಜು ತರಿಸಿಕೊಳ್ಳುವವನು ತೀರ್ಮಾನ ಮಾಡಿರುತ್ತಾನೆ. ಇಷ್ಟು ದಿನ ಯಾರಾದರೂ ಕೇಳಿದರೆ "ಅವರಕ್ಕನ ಮನೆಗೆ ಹೋಗಿದಾರೆ, ಅಲ್ಲೇನೋ ಕೆಲಸ ಇದೆ, ಬರ್ತಾರೆ" ಅನ್ನುತ್ತಿದ್ದೆ. ಕೇಳಿದವರೂ ನಂಬಿದ ಹಾಗೆ ಮಾಡುತ್ತಿದ್ದರು. ಆ ಮೇಜು ಟೆಂಪೋದ ಮೇಲೆ ನಾಲ್ಕು ಕಾಲು ಮೇಲೆ ಮಾಡಿಕೊಂಡು ಬೀದಿಯಲ್ಲಿ ಹೋದರೆ ಇನ್ನು ಯಾರೂ ಕೇಳುವುದೂ ಇಲ್ಲ.

ನಿಮ್ಮ ಅಮ್ಮನ ಸಮಾಚಾರ ಕೇಳಿ. ಗಂಡ ಹೋದ ಮೇಲೆ ಅತ್ತೆಯೂ ಹೊರಡುತ್ತಾರೆ, ಮನೆ ಬಿಕೋ ಅನ್ನುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ನಿಮ್ಮಕ್ಕ ಕರೆದರೂ ಕರೆದರು. ಇವರು ಅಂದದ್ದು ಇಷ್ಟೇ: "ಹೋದೋನು ಅವನು. ನಾನ್ಯಾಕೆ ಹೋಗ್ಲಿ? ಇಲ್ಲಿ ಅಂಗಡಿ ಹಿಂದಿನ ಕೋಣೆ ಕಿಟಕಿಗೆ ಬೆಳಗಿನ ಬಿಸಿಲು ಚೆನ್ನಾಗಿ ಬರುತ್ತೆ." ಈಗ ದಿನಾ ನನ್ನ ಜೊತೆ ಅಂಗಡಿಗೆ ಬಂದು, ನಿಮ್ಮ ಮೇಜಿನ ಪಕ್ಕ ನಿಮ್ಮದೇ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಗಿರಾಕಿಗಳಿಗೆ ಸಲಹೆಯನ್ನೂ ಕೊಡುತ್ತಾರೆ. ಮೊನ್ನೆ ಒಬ್ಬಾಕೆ ನನ್ನ ಕಂಪ್ಯೂಟರ್ ಚಿತ್ರಕ್ಕೆಂದು ಮಗ ಸೊಸೆಯ ಫೋಟೋ ತಂದು, "ಮಗ ಫ್ರೇಮಿಂದ ಆಚೆ ಬರ್ಲಿ, ಸೊಸೆ ಒಳಗೇ ಇರ್ಲಿ" ಅಂದಳು. ಅತ್ತೆ ಒಳಗಿಂದಲೇ ಕೂಗಿದರು: "ಅವನು ಆಚೆ ಬಂದು ಎಲ್ಲಿಗಮ್ಮ ಹೋಗ್ತಾನೆ? ನಮ್ಮೋನು ಬಂದು ಏನು ಕಡಿದು ಹಾಕಿದಾನೆ ಕೇಳು ಬೇಕಾದ್ರೆ." ಆಕೆ ಇಬ್ಬರನ್ನೂ ಒಳಗೇ ಇಡಿಸಿಕೊಂಡು ಹೋದಳು.

ಈಗ ಆ ಹಳೇ ಜಗಳದ ಮಾತು. ಎತ್ತಬಾರದು ಎಂದಿದ್ದೆ. ಆದರೆ ಅವತ್ತು ನೀವು ಹೇಳಿದ್ದು ನಾನು ಕೇಳಿದೆ, ನಾನು ಹೇಳುವುದನ್ನು ನೀವು ಕೇಳಲಿಲ್ಲ. ಲೆಕ್ಕ ಒಂದೇ ಕಡೆ ಬರೆದರೆ ಅದು ಲೆಕ್ಕ ಅಲ್ಲ.

ಫೋಟೋದಲ್ಲಿರುವವರು ಚಿತ್ರದೊಳಗಿನ ಫ್ರೇಮ್ ದಾಟಿ ಆಚೆ ಬರುವ ಹಾಗೆ ಮಾಡುವ ಈ ಕೆಲಸ ನಾನು ಶುರು ಮಾಡಿದಾಗ ನನಗೇನು ಬರುತ್ತಿತ್ತು? ಪಾಸ್‌ಪೋರ್ಟ್ ಫೋಟೋ ತೆಗೆಯುವುದು, ಮುಖದ ಕಲೆ ಒರೆಸುವುದು. ಕಂಪ್ಯೂಟರ್ ಮುಂದೆ ಕೂತು ತಪ್ಪುತ್ತಾ ಕಲಿತವಳು. ಮಗು ಅಂಬೆಗಾಲಿಟ್ಟು ಫ್ರೇಮಿನ ಆಚೆ ಕೈ ಊರುವ ಹಾಗೆ ಮೊದಲನೇ ಚಿತ್ರ ಮಾಡಿದಾಗ ಊರಿನ ತಾಯಂದಿರೆಲ್ಲ ಸಾಲು ನಿಂತರು. ಆಮೇಲೆ ಕ್ಷೌರದಂಗಡಿಯವನಿಗೆ ಕತ್ತರಿ ಆಚೆ ಬರಬೇಕು, ಬೈಕ್ ರಿಪೇರಿಯವನಿಗೆ ಮುಂದಿನ ಚಕ್ರ ಆಚೆ ಬರಬೇಕು, ಹಲ್ಲಿನ ಡಾಕ್ಟರಿಗೆ ನಗು ಆಚೆ ಬರಬೇಕು. ನಗು ಹೇಗೆ ಆಚೆ ತರುವುದು ಎಂದು ಯೋಚಿಸಿ ಕೊನೆಗೆ ಅವರ ಗಲ್ಲವನ್ನೇ ಸ್ವಲ್ಪ ಆಚೆ ತಂದೆ.

ಮೊದಮೊದಲು ನನ್ನ ಚಿತ್ರಗಳು ಪೇಪರಿಂದ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಿದ್ದವು. ಏನು ಕಮ್ಮಿ ಎಂದು ಗೊತ್ತಾಗುತ್ತಿರಲಿಲ್ಲ. ನೀವು ಅಂಟಿನ ಡಬ್ಬಕ್ಕೆ ಈಚೆ ಬಂದವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ನೆರಳೆಲ್ಲಿ? ಕಾಲು ಆಚೆ ಇಟ್ಟ ಮೇಲೆ ಫ್ರೇಮಿನ ಪಟ್ಟಿ ಮೇಲೆ ನೆರಳು ಬೀಳ್ಬೇಕಲ್ವಾ?" ಅಂದಿರಿ. ಇನ್ನೊಂದು ದಿನ, "ಪೂರ್ತಿ ಆಚೆ ತರ್ಬೇಡ. ಒಂದು ಕಾಲು ಒಳಗಿರ್ಲಿ. ಇಲ್ಲಾಂದ್ರೆ ಅವನು ಫ್ರೇಮಿಂದ ಬಂದೋನಲ್ಲ, ಗೋಡೆ ಮುಂದೆ ನಿಂತೋನು" ಅಂದಿರಿ. ಇವತ್ತಿಗೂ ಮೌಸ್ ಹಿಡಿದಾಗ ಆ ಎರಡು ಮಾತು ನನ್ನ ಕಿವಿಯಲ್ಲಿರುತ್ತವೆ. ಅಂದರೆ ನನ್ನ ಕೆಲಸದಲ್ಲಿ ನಿಮ್ಮ ಪಾಲು ನೀವು ಅಂದುಕೊಂಡಷ್ಟು ಚಿಕ್ಕದಲ್ಲ.

ಆಮೇಲೆ ನಾನು ಮಾಡಿದ್ದು, ನೀವು ಕಿಟಕಿಯ ಮೇಲೆ ತೂಗುಹಾಕಿದ್ದ ಆ ಕಂದು ಮರದ ಫ್ರೇಮನ್ನು ಇಳಿಸಿ, ಹಗಲು ಬೆಳಕಿನಲ್ಲಿ ಅದರ ಫೋಟೋ ತೆಗೆದದ್ದು. ಅಲ್ಲಿಂದ ಮುಂದೆ ಎಲ್ಲ ಚಿತ್ರಕ್ಕೂ ಅದೇ ಫ್ರೇಮ್. ಊರಿನ ಯಾವ ಮನೆಗೆ ಹೋದರೂ, ಯಾವ ಅಂಗಡಿಗೆ ಹೋದರೂ ಗೋಡೆಯ ಮೇಲೆ ಅದೇ ನಾಲ್ಕು ಮೂಲೆ. ನೀವು ಕ್ಷೌರಕ್ಕೆ ಹೋದಾಗ ಅಲ್ಲಿ ಕಂಡಿರಿ, ಹಲ್ಲು ತೋರಿಸಲು ಹೋದಾಗ ಅಲ್ಲೂ ಕಂಡಿರಿ. ಸಂಜೆ ಬಂದು ಹೇಳಿದಿರಿ: "ನಾನು ಒಂದು ಫ್ರೇಮ್ ಮಾಡಿದೆ. ಊರಿಗೆ ಊರೇ ಅದನ್ನ ಒದ್ಕೊಂಡು ಆಚೆ ಬರ್ತಿದೆ. ಇನ್ನು ನಾನು ಇನ್ನೊಂದು ಮಾಡೋದು ಯಾರಿಗೆ?" ಬೆಳಿಗ್ಗೆ ನಿಮ್ಮ ಬಟ್ಟೆ ಇರಲಿಲ್ಲ.

ನನ್ನ ಕಡೆಯ ಮಾತು ಇದು. ಕಂಪ್ಯೂಟರಿನಲ್ಲಿ ಫ್ರೇಮಿಗೇನು ಬರ? ಚಿನ್ನದ್ದು, ಬೆಳ್ಳಿಯದ್ದು, ಹೂಬಳ್ಳಿಯದ್ದು, ಬೇಡ ಅಂದರೂ ಬಂದು ಬೀಳುತ್ತವೆ. ಎಲ್ಲವನ್ನೂ ಹಾಕಿ ನೋಡಿದ್ದೆ. ಯಾವುದರಲ್ಲೂ ಮೂಲೆ ನಿಲ್ಲಲಿಲ್ಲ. ಒಬ್ಬ ಮನುಷ್ಯ ಆಚೆ ಬರುವ ಹಾಗೆ ಕಾಣಬೇಕಾದರೆ ಅವನು ದಾಟುವ ಪಟ್ಟಿ ನಿಜವಾಗಿ ಗಟ್ಟಿ ಇರಬೇಕು. ಥರ್ಮಾಕೋಲಿನ ಗೋಡೆ ಹಾರಿದವನನ್ನು ನೋಡಿ ಯಾರು ಚಪ್ಪಾಳೆ ತಟ್ಟುತ್ತಾರೆ? ನಿಮ್ಮ ಫ್ರೇಮಿನ ಮೂಲೆಯಲ್ಲಿ ಎರಡು ಪಟ್ಟಿ ಸೇರಿದ ಗೆರೆಯೇ ಕಾಣುವುದಿಲ್ಲ, ಮರದ ಎಳೆ ಮಾತ್ರ ತಿರುಗಿಕೊಂಡು ಹೋಗುತ್ತದೆ. ಅಂಥದ್ದು ಇನ್ನೊಂದು ಸಿಗಲಿಲ್ಲ, ಅದಕ್ಕೇ ಅದನ್ನೇ ಇಟ್ಟುಕೊಂಡೆ. ನಾನು ಹೊಗಳಿದ್ದು ನಿಮಗೆ ಕಳ್ಳತನದ ಹಾಗೆ ಕಂಡಿತು. ಮಾತು ಬಲ್ಲವಳು ಅನ್ನಿಸಿಕೊಂಡ ನಾನು ಅವತ್ತು ಇಷ್ಟನ್ನು ಹೇಳಲಾರದೆ, "ಮಾಡಿಟ್ಟ ಫ್ರೇಮು ಧೂಳು ತಿನ್ನೋದಕ್ಕಿಂತ ಇದು ವಾಸಿ" ಅಂದುಬಿಟ್ಟೆ. ಆಯಿತು, ಮುಂದೆ ಓದಿ.

ದೊಡ್ಡ ಸಿಸ್ಟರ್ ನೆನಪಿದ್ದಾರಲ್ಲ? ಆಸ್ಪತ್ರೆಯ ಹೆಡ್ ನರ್ಸ್. ನಿಮ್ಮ ಹೆಬ್ಬೆರಳಿಗೆ ಉಳಿ ತಾಗಿದಾಗ ಹೊಲಿಗೆ ಹಾಕುತ್ತಾ, "ಗಂಡಸಾಗಿ ಅಳ್ತೀಯಲ್ಲೋ" ಅಂದವರು. ಅವರಿಗೆ ನಿವೃತ್ತಿಯಾಯಿತು. ವಾರ್ಡಿನವರು ಸೇರಿ ತೆಗೆಸಿಕೊಂಡ ಗುಂಪು ಫೋಟೋವನ್ನು ತಂದುಕೊಟ್ಟು, "ಸಿಸ್ಟರ್ ಮಾತ್ರ ಫ್ರೇಮಿಂದ ಆಚೆ ನಡ್ಕೊಂಡು ಬರೋ ಹಾಗೆ ಮಾಡಿ, ನಾವೆಲ್ಲ ಹಿಂದೆ ನಿಂತಿರ್ತೀವಿ" ಅಂದರು. ಮಾಡಿಕೊಟ್ಟೆ. ಚೆನ್ನಾಗಿಯೂ ಬಂತು. ಬಿಳೀ ಬೂಟು ಪಟ್ಟಿ ದಾಟಿ ಆಚೆ, ನೆರಳು ನೀವು ಹೇಳಿದ ಕಡೆಗೆ. ಕೊಟ್ಟವರೂ ಖುಷಿ, ನಾನೂ ಖುಷಿ.

ಇವತ್ತು ಟೆಂಪೋದವನು ನಿಮ್ಮ ಪಾಠ ಒಪ್ಪಿಸಿ ಮುಗಿಸುವ ಹೊತ್ತಿಗೆ ಸಿಸ್ಟರ್ ಆ ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಕೌಂಟರ್ ಮೇಲೆ ಇಟ್ಟು ಅಂದರು:

"ನನ್ನನ್ನ ಒಳಗೆ ಹಾಕಿಕೊಡು."

ಇಷ್ಟು ವರ್ಷದಲ್ಲಿ ಆಚೆ ತೆಗೆಯಿರಿ ಎಂದು ಬಂದವರನ್ನು ಕಂಡಿದ್ದೇನೆ, ಒಳಗೆ ಹಾಕಿ ಅಂದವರನ್ನು ಕಂಡಿರಲಿಲ್ಲ. ಚಿತ್ರ ಕೆಟ್ಟಿದೆಯಾ ಎಂದು ಕೇಳಿದೆ.

"ಚಿತ್ರ ಚೆನ್ನಾಗೇ ಇದೆ ಕಣಮ್ಮ. ಕಷ್ಟ ಅದೇ. ಬೆಳಿಗ್ಗೆ ಎದ್ದು ನೋಡಿದ್ರೆ ಗೋಡೆ ಮೇಲೆ ನಾನು ಆಸ್ಪತ್ರೆಯಿಂದ ಆಚೆ ಹೋಗ್ತಿದೀನಿ. ಮಧ್ಯಾಹ್ನ ನೋಡಿದ್ರೂ ಹೋಗ್ತಿದೀನಿ. ಒಂದ್ಸಲ ಕಳಿಸಿದ್ದು ಸಾಲ್ದು ಅಂತ ದಿನಾ ಕಳಿಸ್ತಿದಾರೆ. ಅವರೆಲ್ಲ ಹಿಂದೆ ನಿಂತು ನಗ್ತಿರೋದು ಬೇರೆ."

ನಾನು ಏನೋ ಸಮಾಧಾನ ಹೇಳಲು ಹೋದೆ. ಸಿಸ್ಟರ್ ಬೆರಳಿಟ್ಟು ತಮ್ಮ ಎಡ ಹೆಗಲು ತೋರಿಸಿದರು.

"ಇಲ್ಲೊಂದು ಕೈ ಇತ್ತು. ಎಲ್ಲಿ ಅದು?"

ಇತ್ತು. ವಾರ್ಡಿನ ಆಯಾಳದು. ಸಾಲಿನ ಕೊನೆಯಲ್ಲಿ ನಿಂತಿದ್ದವಳು ಫೋಟೋ ತೆಗೆಯುವ ಹೊತ್ತಿಗೆ ಹೇಗೋ ಕೈ ಚಾಚಿ ಸಿಸ್ಟರ್ ಹೆಗಲ ಮೇಲೆ ಇಟ್ಟಿದ್ದಳು. ನಿಮಗೆ ಗೊತ್ತಲ್ಲ, ಒಬ್ಬರನ್ನು ಆಚೆ ತರಬೇಕಾದರೆ ಅವರನ್ನು ಮುಟ್ಟಿಕೊಂಡಿರುವುದನ್ನೆಲ್ಲ ಬಿಡಿಸಬೇಕು. ಮಗುವಾದರೆ ಅಮ್ಮನ ಬೆರಳು, ಗಂಡನಾದರೆ ಹೆಂಡತಿಯ ತೋಳು. ಹೆಗಲ ಮೇಲೆ ಬೇರೆಯವರ ನಾಲ್ಕು ಬೆರಳು ಉಳಿದರೆ ಗಂಟುಬಿದ್ದ ಹಾಗೆ ಕಾಣುತ್ತದೆ. ಬೆರಳು ಒರೆಸಿ, ಆ ಜಾಗದಲ್ಲಿ ಬಟ್ಟೆ ಬೆಳೆಸಿ, ಮಡಿಕೆ ಹಾಕಿದೆ. ನೀಟಾಗಿ ಮಾಡಿದ್ದೇನೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಸಿಸ್ಟರ್ ಅಂದರು, "ನಾನು ಬಯ್ದಿಲ್ಲದ ದಿನ ಇಲ್ಲ ಅವಳನ್ನ. ನೆಲ ಸರಿಯಾಗಿ ಒರೆಸಿಲ್ಲ, ಬೆಡ್‌ಶೀಟ್ ಎಳೆದಿಲ್ಲ, ಎಲ್ಲಕ್ಕೂ ಅವಳೇ. ಇಷ್ಟು ವರ್ಷದಲ್ಲಿ ಅವಳಾಗಿ ನನ್ನ ಮುಟ್ಟಿದ್ದು ಅವತ್ತೊಂದೇ. ಅದನ್ನೇ ಒರೆಸಿಬಿಟ್ಟಿದೀಯಲ್ಲೇ ಮಹಾರಾಯ್ತಿ."

ಮೂಲ ಫೋಟೋ ಹಾಗೇ ಇದೆ, ಕೈ ಎಲ್ಲೂ ಹೋಗಿಲ್ಲ ಎಂದು ತೆಗೆದು ತೋರಿಸಿದೆ. ಕಂಪ್ಯೂಟರಿನ ಹತ್ತಿರ ಬಗ್ಗಿ, ಕನ್ನಡಕ ಮೇಲೆ ಕೆಳಗೆ ಮಾಡಿ ಆ ಕೈಯನ್ನೇ ನೋಡಿದರು. ಆಮೇಲೆ ಡ್ಯೂಟಿಯ ದನಿ ಬಂತು: "ಹೀಗೇ ಇರ್ಲಿ. ಎಲ್ಲರೂ ಒಳಗೆ. ಇದಕ್ಕೆ ಮರದ ಕಟ್ಟು ಹಾಕಿಸಿ ಕೊಡು. ಚಿತ್ರದಲ್ಲಿರೋ ಫ್ರೇಮ್ ಅಲ್ಲ, ಮೊಳೆ ಹೊಡೆದು ನೇತುಹಾಕೋ ಅಂಥದ್ದು. ಗಾಜೂ ಬೇಕು. ಎಲ್ಲಿ ನಿನ್ನ ಗಂಡ?"

ನಾನು ಉತ್ತರ ಹೇಳುವ ಮೊದಲೇ ಅವರು ಮರ ನೋಡುತ್ತೇನೆ ಎಂದು ಹಿಂದಿನ ಕೋಣೆಗೆ ನುಗ್ಗಿದರು. ಅಲ್ಲಿ ಅತ್ತೆ ಸ್ಟೂಲಿನ ಮೇಲೆ ಶಾಲು ಹೊದ್ದು ಕೂತಿದ್ದರು. ಬಿಸಿಲು ಚುರುಗುಟ್ಟುತ್ತಿತ್ತು, ಆದರೂ ಚಳಿ ಅಂದರು. ಇಬ್ಬರಿಗೂ ಹಳೇ ಸ್ನೇಹ, ಮಂಡಿನೋವಿನ ಮಾತು ಶುರುವಾಯಿತು. ಹಮಾಲರು ಕಾದು ಕಾದು ಬೇಜಾರಾಗಿ, "ಅಕ್ಕ, ಮೇಜು ಎತ್ತಿಬಿಡ್ತೀವಿ" ಎಂದರು. ನಾನು ಎತ್ತಿ ಅಂದೆ. ಬೇರೆ ಏನು ಹೇಳಲಿ? ನಿಮ್ಮ ಮೇಜು, ನಿಮ್ಮ ಟೆಂಪೋ.

ಕಂಬಳಿ ಹೊದಿಸಿದರು, ಎತ್ತಿದರು, ಬಾಗಿಲಿಗೆ ತಂದರು. ಅಲ್ಲಿಗೆ ನಿಂತಿತು.

ಉದ್ದಕ್ಕೆ ನುಗ್ಗಿಸಿದರು, ಕಾಲು ತಡೆಯಿತು. ಮಗ್ಗುಲಾಗಿಸಿದರು, ಹಲಗೆ ತಡೆಯಿತು. ತಲೆಕೆಳಗು ಮಾಡಿದರು, ಎರಡು ಕಾಲು ಈಚೆ ಬಂದು ಎರಡು ಕಾಲು ಒಳಗೇ ಉಳಿದು, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಟೆಂಪೋದವನು ಬೆವರು ಒರೆಸಿಕೊಂಡು ಕೇಳಿದ:

"ಅಕ್ಕ, ಇದು ಒಳಗೆ ಹೋಗಿದ್ದಾದ್ರೂ ಹೇಗೆ?"

"ಹೋಗಿಲ್ಲಪ್ಪ. ಒಳಗೇ ಹುಟ್ಟಿದ್ದು" ಅಂದೆ. ಕೋಣೆ ಬಾಡಿಗೆಗೆ ಹಿಡಿದ ಹೊಸತರಲ್ಲಿ ನೀವು ಹಲಗೆ ಹಲಗೆ ಹೊತ್ತು ತಂದು ಅಲ್ಲೇ ಕೂತು ಕಟ್ಟಿದ್ದಲ್ಲವೇ.

ಒಳಗಿಂದ ಅತ್ತೆ: "ನನ್ನ ಮಗನ ಥರಾನೇ. ಹುಟ್ಟೋವಾಗ್ಲೂ ಹೀಗೇ ಅಡ್ಡ ತಿರುಗಿ ಕೂತಿದ್ದ. ಈ ಸಿಸ್ಟರ್ ಅವ್ರಮ್ಮನೇ ಸೂಲಗಿತ್ತಿ ಆಗಿ ಬಂದಿದ್ಲು, ಕೇಳು."

ಒಬ್ಬ ಹಮಾಲ ಸುಲಭದ ದಾರಿ ಸೂಚಿಸಿದ: "ಕಾಲು ಕುಯ್ದುಬಿಡೋಣ. ಅಲ್ಲಿ ಹೋದ್ಮೇಲೆ ಅಂಟಿಸ್ಕೋತಾರೆ."

"ಮೊದ್ಲು ನಿನ್ನ ಕಾಲು ಕುಯ್ತೀನಿ, ಆಮೇಲೆ ಅಂಟಿಸ್ಕೊಳ್ಳೋವಂತೆ ಬಾ" ಎಂದರು ಅತ್ತೆ.

ಇನ್ನೊಬ್ಬ ಬಾಗಿಲಿನ ಚೌಕಟ್ಟನ್ನೇ ಕಿತ್ತರೆ ಎಂದು ನೋಡಿದ. ಅದೂ ನೀವೇ ಕೂರಿಸಿದ್ದು. ಬೇಡ ಅಂದೆ. ಟೆಂಪೋದವನು ನಿಮಗೆ ಫೋನ್ ಹಚ್ಚಿದ, ನೀವು ಎತ್ತಲಿಲ್ಲ. ಅಕ್ಕನ ಊರಲ್ಲಿ ನೀವು ಸೇರಿರುವ ಕಾರ್ಖಾನೆಯಲ್ಲಿ ಮಿಷನ್ ಸದ್ದಿಗೆ ಕೇಳಿಸಿರಲಿಕ್ಕಿಲ್ಲ ಎಂದು ನಾನೇ ನಿಮ್ಮ ಪರ ಮಾತಾಡಿದೆ.

ಅಷ್ಟರಲ್ಲಿ ಸಿಸ್ಟರಿಗೆ ತಾವು ಒಳಗೆ ಸಿಕ್ಕಿಬಿದ್ದಿರುವುದು ಗೊತ್ತಾಯಿತು. ಆ ಕೋಣೆಗೆ ಬೇರೆ ಬಾಗಿಲಿಲ್ಲ, ಕಿಟಕಿಗೆ ಸರಳು. ಮೊದಲು ವಾರ್ಡ್ ನಡೆಸುವ ಹಾಗೆ ನಡೆಸಿದರು. "ಆ ಕಡೆಯೋನು ಬಗ್ಗು. ಈ ಕಡೆಯೋನು ಉಸಿರು ಬಿಟ್ಟು ಎತ್ತು. ಎಳೀಬೇಡ, ಎಳೀಬೇಡ, ತಿರುಗಿಸು!" ಮೇಜು ಅವರ ಮಾತೂ ಕೇಳಲಿಲ್ಲ. ಅವರ ಮಾತು ಕೇಳದ್ದು ಈ ಊರಿನಲ್ಲಿ ಅದೊಂದೇ ಇರಬೇಕು. ಆಮೇಲೆ ಸಿಟ್ಟು ಬಂತು. "ಇಲ್ಲೇ ಇನ್ನೊಂದ್ಸಲ ನಿವೃತ್ತಿ ಆಗ್ಬೇಕಾ ನಾನು? ಹಿಡ್ಕೊಳ್ಳಿ ಎಲ್ಲಾರೂ" ಎಂದು ಚಪ್ಪಲಿ ಈಚೆ ಎಸೆದು, ಮೇಜಿನ ಅಡ್ಡಪಟ್ಟಿಯ ಮೇಲೆ ಕಾಲಿಟ್ಟು ಹತ್ತಿಯೇಬಿಟ್ಟರು.

ನಾನು ಏನು ಮಾಡಬೇಕಿತ್ತು? ಕೈ ಕೊಡಬೇಕಿತ್ತು. ನನ್ನ ಕೈ ಕ್ಯಾಮೆರಾಕ್ಕೆ ಹೋಯಿತು. ಹಾಳು ಅಭ್ಯಾಸ.

ಆ ಫೋಟೋ ಈ ಕಾಗದದ ಜೊತೆ ಇಟ್ಟಿದ್ದೇನೆ, ನೋಡಿ. ನೀವು ಕೂರಿಸಿದ ಬಾಗಿಲಿನ ಚೌಕಟ್ಟು, ನಾಲ್ಕೂ ಬದಿ ಕಾಣುತ್ತಿದೆ. ಅದರ ನಡುವಿನಿಂದ ದೊಡ್ಡ ಸಿಸ್ಟರ್ ಒಂದು ಕಾಲು ಈಚೆ ಹಾಕಿ, ಒಂದು ಕಾಲು ಇನ್ನೂ ಒಳಗೆ ಇಟ್ಟು, ಬಾಯಿ ತೆರೆದು ಬೈಯುತ್ತಾ ಬರುತ್ತಿದ್ದಾರೆ. ಕನ್ನಡಕ ಮೂಗಿನ ತುದಿಯಲ್ಲಿದೆ. ಟೆಂಪೋದವನು ಮುಂದಿನಿಂದ ಅವರ ಎರಡೂ ಕೈ ಹಿಡಿದಿದ್ದಾನೆ. ಹಿಂದಿನಿಂದ, ಮರೆಯಲ್ಲಿ, ಅವರ ಬೆನ್ನಿಗೆ ಆನಿಸಿ ನೂಕುತ್ತಿರುವ ಒಂದು ಕೈ ಕಾಣುತ್ತದಲ್ಲ, ಅದು ನಿಮ್ಮ ಅಮ್ಮನದು. ನಾನು ಒಂದು ಕೂದಲೆಳೆಯಷ್ಟೂ ತಿದ್ದಿಲ್ಲ. ನೆರಳು ಚೌಕಟ್ಟಿನ ಪಟ್ಟಿಯ ಮೇಲೆ ಎಲ್ಲಿ ಬೀಳಬೇಕೋ ಅಲ್ಲೇ ಬಿದ್ದಿದೆ.

ಸಿಸ್ಟರ್ ಕುರ್ಚಿಯಲ್ಲಿ ಕೂತು ನೀರು ಕುಡಿದು, ಕ್ಯಾಮೆರಾ ಇಸಿದುಕೊಂಡು ನೋಡಿದರು. ಮೊದಲು ನನಗೆ ಎರಡು ಬೈದರು. ಆಮೇಲೆ ನಗು ಶುರುವಾಯಿತು ನೋಡಿ, ನಿಲ್ಲಲೇ ಇಲ್ಲ. ಕಣ್ಣು ಒರೆಸಿಕೊಂಡು ಅಂದರು: "ಇದಕ್ಕೂ ಕಟ್ಟು ಹಾಕು. ಎರಡನ್ನೂ ಪಕ್ಕ ಪಕ್ಕ ತೂಗುಹಾಕ್ತೀನಿ. ಆಚೆ ಬರೋದೇ ಬೇಡ ಅಂತ ನಾನೆಲ್ಲಿ ಹೇಳಿದೆ? ನಾಲ್ಕು ಜನ ಹಿಡ್ಕೊಂಡು, ನೂಕಿ, ಬಯ್ಸಿಕೊಂಡು ಬರೋದಾದ್ರೆ ಯಾರು ಬೇಡ ಅಂತಾರೆ?"

ಫ್ರೇಮಿನವರು ಊರಲ್ಲಿಲ್ಲ ಸಿಸ್ಟರ್, ಬೇರೆ ಕಡೆ ಮಾಡಿಸಿಕೊಳ್ಳಿ ಎಂದೆ. ಅಷ್ಟು ಹೇಳುವ ಪ್ರಾಮಾಣಿಕತೆ ನನಗಿದೆ. ಅವರು ಬಾಗಿಲಲ್ಲಿ ಸಿಕ್ಕಿಕೊಂಡಿದ್ದ ಮೇಜನ್ನು ನೋಡಿದರು, ನನ್ನನ್ನು ನೋಡಿದರು. ಇಷ್ಟು ಕಾಲ ರೋಗಿಗಳನ್ನು ನೋಡಿದ ಕಣ್ಣು, ಕೇಳಿ ತಿಳಿಯುವ ಅಗತ್ಯ ಅವರಿಗಿಲ್ಲ.

"ಕಾಯ್ತೀನಿ. ಈಗ ನನಗೆ ಬೇರೇನಿದೆ ಕೆಲಸ? ಅವನೇ ಬಂದು ಮಾಡ್ಲಿ. ಹೆಬ್ಬೆರಳು ಹೇಗಿದೆ ಅಂತ ಕೇಳ್ದೆ ಅಂತ ಹೇಳು."

ಹೇಳಿದ್ದೇನೆ.

ಆಮೇಲೆ ಎಲ್ಲರೂ ಸೇರಿ ಮೇಜನ್ನು ಹಿಂದಕ್ಕೆ ನೂಕಿ, ಎಲ್ಲಿತ್ತೋ ಅಲ್ಲೇ ಕಿಟಕಿಯ ಕೆಳಗೆ ಕೂರಿಸಿದರು. ಗೀರು ಬಿದ್ದಿಲ್ಲ, ನಾನೇ ಕೈಯಾಡಿಸಿ ನೋಡಿದೆ. ಬಿದ್ದಿರುವುದು ಚೌಕಟ್ಟಿಗೆ, ಬಲಗಡೆ, ಸೊಂಟದೆತ್ತರದಲ್ಲಿ. ಟೆಂಪೋದವನು ಉಳಿದ ಸಾಮಾನು ಹಾಕಿಕೊಂಡು ಹೊರಡುತ್ತಾನೆ. ಊಟ ಮಾಡಿ ಬರುತ್ತೇನೆ ಎಂದು ಹೋಗಿದ್ದಾನೆ, ಆ ಸಂದಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ಆದ್ದರಿಂದ ವಿಷಯ ಇಷ್ಟು: ಮೇಜು ಬರಲಿಲ್ಲ. ನಾನು ತಡೆಯಲಿಲ್ಲ, ಬಾಗಿಲು ತಡೆಯಿತು. ಎರಡು ಫ್ರೇಮಿಗೆ ಆರ್ಡರ್ ಇದೆ. ಮರ ಯಾವುದು ಎಂದು ಆರಿಸುವುದು ನನಗೆ ಬರುವುದಿಲ್ಲ, ಗಾಜು ಕೊಯ್ಯುವುದು ಅತ್ತೆಗೆ ಬರುವುದಿಲ್ಲ. ಅಲ್ಲಿ ಕಾರ್ಖಾನೆಯಲ್ಲಿ ಬೆಳಗಿಂದ ಸಂಜೆವರೆಗೆ ಒಂದೇ ಅಳತೆಯ ಕಪಾಟಿನ ಬಾಗಿಲು ಮಾಡುತ್ತೀರಿ ಎಂದು ನಿಮ್ಮಕ್ಕ ಹೇಳಿದರು. ಮೂಲೆಗೆ ಮಿಷನ್ನೇ ಮೊಳೆ ಹೊಡೆಯುತ್ತದಂತೆ. ನಿಮಗೆ ಅದು ಒಗ್ಗಿದ್ದರೆ ಸಂತೋಷ. ಇದು ಅಂಗಡಿಯ ಕಾಗದ. ಬೇರೆ ಅರ್ಥ ಹುಡುಕಬೇಡಿ.

ಅಂಗಡಿಯ ಮುಂದಿನ ಅರ್ಧದ ಯಜಮಾನಿ,
(ಹಿಂದಿನ ಅರ್ಧಕ್ಕೆ ಸದ್ಯ ನಿಮ್ಮ ಅಮ್ಮ)

ಮರೆತಿದ್ದು: ಕೊಡತಿ ಸಿಕ್ಕಿತು. ಎಲ್ಲರೂ ಹೋದ ಮೇಲೆ ಅತ್ತೆ ಶಾಲು ಕೊಡವಿದಾಗ ಮಡಿಲಿಂದ ಬಿತ್ತು. ಅಲ್ಲಿ ಇಟ್ಟವಳು ನಾನಲ್ಲ, ಆಣೆ. ಅಲ್ಲಿದೆ ಎಂದು ಗೊತ್ತಿದ್ದೂ ಮೂಲೆ ಮೂಲೆ ಹುಡುಕಿದವಳು ಮಾತ್ರ ನಾನೇ.

ಮೇಜಿನ ಕಾಲುಗಳು ಬೆಣೆಯ ಮೇಲೆ ನಿಂತಿವೆ, ಕೊಡತಿಯಿಂದ ಹಿಂಬದಿಗೆ ಹೊಡೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅದನ್ನು ಕಟ್ಟಿದ ದಿನ ಕೊನೆಯ ಬೆಣೆಯನ್ನು ನನ್ನ ಕೈಯಲ್ಲೇ ಹೊಡೆಸಿ, "ದೊಡ್ಡ ಅಂಗಡಿ ಹಿಡಿದಾಗ ಹೀಗೇ ಬಿಚ್ಚಿ ತಗೊಂಡು ಹೋಗೋಣ" ಅಂದಿದ್ದಿರಿ. ನಾನು ಮರೆತಿಲ್ಲ. ನೀವೂ ಮರೆತಿಲ್ಲ. ಟೆಂಪೋದವನಿಗೆ ಅಂಟಿನ ಡಬ್ಬ ಮಲಗಿಸಬೇಡ ಎಂಬುದನ್ನೂ ಬಾಯಿಪಾಠ ಮಾಡಿಸಿದ ನೀವು, ಬೆಣೆಯ ಮಾತನ್ನು ಮಾತ್ರ ಹೇಳಲಿಲ್ಲ. ಮೇಜಿನ ಬಗ್ಗೆ ಬೇರೇನಾದರೂ ಹೇಳಿದ್ದಾರಾ ಎಂದು ಅವನನ್ನು ತಿರುಗಿ ತಿರುಗಿ ಕೇಳಿದೆ. ಮೇಜಿಗೆ ಕಂಬಳಿ ಹೊದಿಸಬೇಕು ಅಂದರು, ಅಷ್ಟೇ ಅಂದ.

ಅಂದರೆ ಬಿಚ್ಚುವುದನ್ನು ನನ್ನ ಕೈಗೆ ಬಿಟ್ಟಿರಿ. ನನ್ನ ಕೈ ಏನು ಮಾಡಿತು ಎಂದು ಈಗ ನಿಮಗೆ ಗೊತ್ತಾಯಿತು.

ಕೀಸುಳಿಯನ್ನು ವಾಪಸ್ ತರುವಾಗ ಇದೇ ಬಟ್ಟೆಯಲ್ಲಿ ಸುತ್ತಿ. ಅಲಗು ಮೇಲ್ಮುಖ ಇರಬಾರದು.